ಲಕ್ಷದ್ವೀಪದ ಹಸಿರಾಮೆ ಮತ್ತು ಕಡಲಹುಲ್ಲು

ಅಳಿವಿನಂಚಿನಲ್ಲಿದ್ದ ಪ್ರಾಣಿಯೊಂದನ್ನು ಕಾಪಾಡಿ ಗೆದ್ದ ಮೇಲೆ ಏನಾಗುತ್ತದೆ ಎಂಬುದನ್ನು ಸಮುದ್ರ ವಿಜ್ಞಾನಿಗಳು ಹತ್ತಿರದಿಂದ ಅಳೆದು ನೋಡಿದ ಕೆಲವೇ ಜಾಗಗಳಲ್ಲಿ ಲಕ್ಷದ್ವೀಪವೂ ಒಂದು. ಇಲ್ಲಿನ ಲಗೂನುಗಳಿಗೆ 21ನೆಯ ಶತಮಾನದ ಆರಂಭದಲ್ಲಿ ಹಸಿರಾಮೆಗಳು ಹಿಂಡುಗಟ್ಟಿ ಬಂದವು. ಅವು ಮೇದಂತೆ ಕಡಲಹುಲ್ಲು ಸವೆಯಿತು. ಹುಲ್ಲನ್ನು ನಂಬಿದ್ದ ಮೀನು ಇಳಿಯಿತು, ಮೀನುಗಾರರು ಆಮೆಯ ಮೇಲೆ ಮುನಿದರು. ಈ ನಾಲ್ಕು ಸಂಗತಿಗಳ ನಂಟನ್ನು ಬಿಡಿಸಿದ ಸಂಶೋಧನೆಯ ದೊಡ್ಡ ಪಾಲು ಮೈಸೂರಿನಲ್ಲಿ ನೆಲೆಯಿರುವ ನೇಚರ್ ಕನ್ಸರ್ವೇಷನ್ ಫೌಂಡೇಷನ್ ಸಂಸ್ಥೆಯದು. ಒಂದು ಪ್ರಭೇದವನ್ನು ಉಳಿಸುವುದು ಬೇರೆ, ಒಂದು ಕಡಲನ್ನು ನಿರ್ವಹಿಸುವುದು ಬೇರೆ ಎಂಬ ಇಂದಿನ ಚರ್ಚೆಯಲ್ಲಿ ಈ ಅಧ್ಯಯನಗಳನ್ನು ಮತ್ತೆ ಮತ್ತೆ ಉಲ್ಲೇಖಿಸಲಾಗುತ್ತದೆ.

ದ್ವೀಪಗಳು

ಲಕ್ಷದ್ವೀಪದ ಒಟ್ಟು ನೆಲ ಸುಮಾರು 32 ಚದರ ಕಿಲೋಮೀಟರ್. ಜನವಸತಿ ಇರುವುದು ಹತ್ತು ದ್ವೀಪಗಳಲ್ಲಿ. 2011ರ ಜನಗಣತಿಯಂತೆ ಜನಸಂಖ್ಯೆ 64,473. ಆದರೆ ಹವಳದಿಬ್ಬಗಳು ಸುತ್ತುಗಟ್ಟಿ ಹಿಡಿದಿಟ್ಟ ಲಗೂನುಗಳ ವಿಸ್ತೀರ್ಣ ಸುಮಾರು 4,200 ಚದರ ಕಿಲೋಮೀಟರ್. ಆದ್ದರಿಂದ ಇಲ್ಲಿಯ ಆಡಳಿತ ಎಂದರೆ ಬಹುಮಟ್ಟಿಗೆ ನೀರಿನ ಆಡಳಿತವೇ. ಸಾಮಾನ್ಯವಾಗಿ ದ್ವೀಪ ಪೂರ್ವದ ಅಂಚಿನಲ್ಲಿ ಕಿರಿದಾಗಿ ಚಾಚಿಕೊಂಡಿದ್ದರೆ ಲಗೂನು ಅದರ ಪಶ್ಚಿಮಕ್ಕೆ ಹರಡಿರುತ್ತದೆ. ಆಳ ಕಡಿಮೆ, ತಳದಲ್ಲಿ ಹವಳದ ಬಿಳಿ ಮರಳು, ಬಿಸಿಲು ನೆಲದವರೆಗೂ ಇಳಿಯುವಷ್ಟು ತಿಳಿಯಾದ ನೀರು. ಕಡಲಹುಲ್ಲು ಬೆಳೆಯುವುದು ಇಂಥಲ್ಲಿ.

ಕನ್ನಡ ಕರಾವಳಿಗೂ ಈ ದ್ವೀಪಗಳಿಗೂ ಹಳೆಯ ಸಂಬಂಧವಿದೆ. 1783ರಲ್ಲಿ ಅಮಿನಿಯ ಜನ ಮಂಗಳೂರಿಗೆ ಬಂದು ಟಿಪ್ಪುವಿನ ಆಶ್ರಯ ಕೇಳಿದರು. 1799ರ ನಂತರ ಅಮಿನಿ, ಕದಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು ಬ್ರಿಟಿಷರ ಕೈಸೇರಿ, 1956ರಲ್ಲಿ ಕೇಂದ್ರಾಡಳಿತ ಪ್ರದೇಶ ರೂಪುಗೊಳ್ಳುವವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು. ದ್ವೀಪದ ತೆಂಗಿನ ನಾರು ಮಂಗಳೂರಿಗೆ, ಮಂಗಳೂರಿನ ಅಕ್ಕಿ ದ್ವೀಪಕ್ಕೆ. ಹಳೆ ಬಂದರಿನಿಂದ ಮಂಜಿ ಎಂಬ ಸರಕು ದೋಣಿಗಳು ಅಕ್ಕಿ, ತರಕಾರಿ, ಜಲ್ಲಿ, ಸಿಮೆಂಟು ಹೊತ್ತು ಹೋಗುವ ರೂಢಿ ನಮ್ಮ ಕಾಲಕ್ಕೂ ಬಂದಿದೆ.

ಆಮೆ

ಹಸಿರಾಮೆಯ ವೈಜ್ಞಾನಿಕ ಹೆಸರು ಕೆಲೋನಿಯ ಮೈಡಾಸ್. ಬೆಳೆದ ಆಮೆಯ ಚಿಪ್ಪು ಒಂದು ಮೀಟರಿನ ಆಸುಪಾಸು, ತೂಕ ನೂರು ಕಿಲೋ ಮೀರುವುದು ಸಾಮಾನ್ಯ. ಹಸಿರಾಗಿರುವುದು ಅದರ ಚಿಪ್ಪಲ್ಲ, ಒಳಗಿನ ಕೊಬ್ಬು. ಮರಿಗಳು ತೆರೆದ ಸಾಗರದಲ್ಲಿ ತೇಲುತ್ತ ಸಿಕ್ಕಿದ್ದನ್ನೆಲ್ಲ ತಿಂದು ಬೆಳೆಯುತ್ತವೆ. ಕೆಲವು ವರ್ಷ ಕಳೆದ ಮೇಲೆ ಕರಾವಳಿಯ ಆಳವಿಲ್ಲದ ನೀರಿಗೆ ಬಂದು ಬಹುಮಟ್ಟಿಗೆ ಸಸ್ಯಾಹಾರಿಗಳಾಗುತ್ತವೆ. ಕಡಲಾಮೆಗಳಲ್ಲಿ ಹೀಗೆ ಹುಲ್ಲು ಮತ್ತು ಪಾಚಿಯ ಮೇಲೆ ಬದುಕುವುದು ಇದೊಂದೇ. ನಾರನ್ನು ಜೀರ್ಣಿಸಲು ಇದರ ಕರುಳಿನಲ್ಲಿ ಸೂಕ್ಷ್ಮಾಣುಗಳು ಮೇವನ್ನು ಹುಳಿಸಿಕೊಡುತ್ತವೆ. ಪ್ರಾಯಕ್ಕೆ ಬರಲು ಎರಡು ಮೂರು ದಶಕ ಬೇಕು. ಆದ್ದರಿಂದ ಇಂದು ಒಂದು ಲಗೂನಿನಲ್ಲಿ ದೊಡ್ಡ ಆಮೆಗಳು ಹೆಚ್ಚಾಗಿ ಕಂಡರೆ ಅದಕ್ಕೆ ಕಾರಣ ಇಂದಿನ ರಕ್ಷಣೆಯಲ್ಲ, ಮೂವತ್ತು ವರ್ಷ ಹಿಂದಿನದು. ನಿರ್ವಹಣೆಯ ಲೆಕ್ಕದಲ್ಲಿ ಈ ಕಾಲದಂತರವನ್ನು ಮರೆಯುವವರೇ ಹೆಚ್ಚು.

ಮರಳಿನ ಗೂಡಿನ ಬಿಸಿಯೇ ಮರಿಯ ಲಿಂಗವನ್ನು ನಿರ್ಧರಿಸುತ್ತದೆ. ಸುಮಾರು 29 ಡಿಗ್ರಿ ಸೆಲ್ಸಿಯಸ್‌ನ ಮೇಲೆ ಹೋದಂತೆ ಹೆಣ್ಣುಗಳು ಹೆಚ್ಚು. ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫಿನ ಉತ್ತರ ಭಾಗದಲ್ಲಿ ಹುಟ್ಟಿದ ಎಳೆಯ ಹಸಿರಾಮೆಗಳಲ್ಲಿ ಶೇ. 99ರಷ್ಟು ಹೆಣ್ಣುಗಳೆಂದು 2018ರ ಅಧ್ಯಯನವೊಂದು ಕಂಡುಕೊಂಡಿತು. ಸಂಖ್ಯೆ ಏರುತ್ತಿರುವಾಗಲೂ ಮುಂದಿನ ತಲೆಮಾರು ಹೀಗೆ ಒಂದೇ ಕಡೆ ವಾಲಿರಬಹುದು.

ಲಕ್ಷದ್ವೀಪದಲ್ಲಿ ಹಿಂದೆ ಆಮೆಯನ್ನು ಕೊಲ್ಲುತ್ತಿದ್ದದ್ದು ಮುಖ್ಯವಾಗಿ ಎಣ್ಣೆಗಾಗಿ. ಮರದ ದೋಣಿಗೆ ನೀರು ಹಿಡಿಯದಂತೆ ಆಮೆಯ ಕೊಬ್ಬು ಕಾಯಿಸಿ ಬಳಿಯುತ್ತಿದ್ದರು. ಆಗಿನ ಸ್ಥಿತಿಯನ್ನು ಮೊದಲು ಕಣ್ಣಾರೆ ಕಂಡು ದಾಖಲಿಸಿದವರು ಸತೀಶ್ ಭಾಸ್ಕರ್. ಮದ್ರಾಸ್ ಸ್ನೇಕ್ ಪಾರ್ಕಿನ ಪರವಾಗಿ 1977ರಲ್ಲಿ ದ್ವೀಪಗಳನ್ನು ಸಮೀಕ್ಷೆ ಮಾಡಿದ ಅವರಿಗೆ ಹಸಿರಾಮೆ ಮೊಟ್ಟೆಯಿಡುವ ಮುಖ್ಯ ತಾಣ ಜನವಸತಿಯಿಲ್ಲದ ಸುಹೇಲಿ ಎಂದು ತಿಳಿಯಿತು. ತೊಡಕೆಂದರೆ ಆಮೆ ಅಲ್ಲಿಗೆ ಬರುವುದು ಮಳೆಗಾಲದಲ್ಲಿ, ಆಗ ಯಾವ ದೋಣಿಯೂ ಅತ್ತ ಹೋಗುವುದಿಲ್ಲ. 1982ರಲ್ಲಿ ಅವರು ಮಳೆಗಾಲಕ್ಕೆ ಮುಂಚೆಯೇ ದಿನಸಿ ಹೊತ್ತು ಹೋಗಿ ಇಡೀ ಮಳೆಗಾಲ ಒಬ್ಬರೇ ಅಲ್ಲಿ ಉಳಿದರು. ಹೆಂಡತಿಗೆ ಬರೆದ ಕಾಗದವನ್ನು ಬಾಟಲಿಯಲ್ಲಿ ಹಾಕಿ ಸಮುದ್ರಕ್ಕೆ ಎಸೆದರು. ಅದು 24 ದಿನಗಳಲ್ಲಿ ಶ್ರೀಲಂಕಾದ ತೀರ ಸೇರಿ, ಅಲ್ಲಿಯ ಮೀನುಗಾರನೊಬ್ಬ ಅಂಚೆಗೆ ಹಾಕಿದ್ದರಿಂದ ಮನೆಗೂ ತಲುಪಿತು. ಭಾರತದ ಕಡಲಾಮೆ ವಿಜ್ಞಾನದ ತಳಹದಿಯ ಅಂಕಿಅಂಶಗಳಲ್ಲಿ ಎಷ್ಟೋ ಹೀಗೆ ಒಬ್ಬ ಮನುಷ್ಯನ ಕಾಲುನಡಿಗೆಯಿಂದ ಬಂದವು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಡಲಾಮೆಗಳಿಗೆ ಹುಲಿ, ಆನೆಗೆ ಸಮನಾದ ರಕ್ಷಣೆ ಕೊಟ್ಟಿತು. ಕೊಲ್ಲುವುದು ಕ್ರಮೇಣ ತಗ್ಗಿತು.

ಹುಲ್ಲು

ಕಡಲಹುಲ್ಲು ಪಾಚಿಯಲ್ಲ. ಬೇರು, ಕಾಂಡ, ಎಲೆ, ಹೂವು, ಬೀಜ ಎಲ್ಲ ಇರುವ ಗಿಡ; ನೆಲದ ಮೇಲಿನ ಸಸ್ಯಗಳ ವಂಶದ್ದೇ ಆಗಿದ್ದು ಬಹಳ ಹಿಂದೆ ಸಮುದ್ರಕ್ಕೆ ಮರಳಿದ್ದು. ಜಗತ್ತಿನಲ್ಲಿ ಇದರ ಸುಮಾರು 70 ಪ್ರಭೇದಗಳಿವೆ. ಲಕ್ಷದ್ವೀಪದ ಹುಲ್ಲುಗಾವಲುಗಳಲ್ಲಿ ಮುಖ್ಯವಾದವು ಎರಡು: ಅಗಲ ಎಲೆಯ, ನಿಧಾನವಾಗಿ ಬೆಳೆಯುವ ಥಲಾಸಿಯ ಹೆಂಪ್ರಿಚಿಯೈ, ಸಪೂರ ಎಲೆಯ, ಬೇಗ ಹಬ್ಬುವ ಸೈಮೋಡೋಸಿಯ ರೋಟುಂಡೇಟ. ಎರಡೂ ಮರಳಿನಡಿಯಲ್ಲಿ ಅಡ್ಡಲಾಗಿ ಹರಿಯುವ ಬೇರುಕಾಂಡದಿಂದ ಹರಡುತ್ತವೆ. ಎಲೆ ಹೋದರೆ ಮತ್ತೆ ಚಿಗುರಬಹುದು, ಬೇರುಕಾಂಡದ ಕೂಡಿಟ್ಟ ಶಕ್ತಿ ಮುಗಿದರೆ ಕತೆ ಮುಗಿಯಿತು.

ಈ ಹುಲ್ಲಿನ ನಡುವೆ ಮರಿಮೀನುಗಳು ಅಡಗಿ ಬೆಳೆಯುತ್ತವೆ, ಹವಳದಿಬ್ಬದ ಮೀನುಗಳು ಮೇವಿಗೆ ಬಂದು ಹೋಗುತ್ತವೆ. ಬೇರುಗಳು ಮರಳನ್ನು ಕಟ್ಟಿ ಹಿಡಿಯುತ್ತವೆ. ಸಮುದ್ರಮಟ್ಟದಿಂದ ಕೆಲವೇ ಮೀಟರ್ ಎತ್ತರದ ದ್ವೀಪಗಳಿಗೆ ಇದು ಸಣ್ಣ ಸಂಗತಿಯಲ್ಲ. ಎಲೆಗಳು ಹಿಡಿದ ಇಂಗಾಲ ತಳದ ಕೆಸರಿನಲ್ಲಿ ಶತಮಾನಗಟ್ಟಲೆ ಹೂತಿರಬಲ್ಲದು. ಹವಾಮಾನ ಬದಲಾವಣೆಯ ಚರ್ಚೆಯಲ್ಲಿ ಕಡಲಹುಲ್ಲಿಗೆ ಇತ್ತೀಚೆಗೆ ಬಂದಿರುವ ಬೆಲೆ ಈ ಇಂಗಾಲದಿಂದಾಗಿ. ಹವಳಕ್ಕಿರುವ ಬಣ್ಣವಾಗಲಿ ಅಂದವಾಗಲಿ ಇದಕ್ಕಿಲ್ಲ. ಪ್ರವಾಸಿಗರ ಫೋಟೋದಲ್ಲಿ ಇದು ಕಪ್ಪು ಕಲೆಯಂತೆ ಕಾಣುತ್ತದೆ. ಕಾವಲಿಲ್ಲದೆ ಉಳಿದುಹೋದದ್ದಕ್ಕೆ ಇದೂ ಒಂದು ಕಾರಣವಿರಬಹುದು.

ಅಗತ್ತಿಯಲ್ಲಿ ನಡೆದದ್ದು

2000ದ ದಶಕದಲ್ಲಿ ಅಗತ್ತಿ ದ್ವೀಪದ ಲಗೂನಿನಲ್ಲಿ ಹಸಿರಾಮೆಗಳ ದಟ್ಟಣೆ ಕಣ್ಣಿಗೆ ಹೊಡೆಯುವಷ್ಟಾಯಿತು. ಮೀನುಗಾರರು ದೂರತೊಡಗಿದರು: ಆಮೆ ಬಲೆ ಹರಿಯುತ್ತದೆ, ಹುಲ್ಲು ಮೇದು ಮುಗಿಸುತ್ತದೆ, ಹುಲ್ಲಿಲ್ಲದೆ ಮೀನು ನಿಲ್ಲುವುದಿಲ್ಲ. ಇಂಥ ದೂರನ್ನು ಅಧಿಕಾರಿಗಳೂ ಸಂರಕ್ಷಣಾವಾದಿಗಳೂ ಸಾಮಾನ್ಯವಾಗಿ ಹೊಟ್ಟೆಪಾಡಿನ ಗೊಣಗಾಟವೆಂದು ಬದಿಗೆ ಸರಿಸುತ್ತಾರೆ. ರೋಹನ್ ಆರ್ಥರ್, ತೆರೇಸಾ ಅಲ್ಕೊವೆರ್ರೊ, ಅಪರ್ಣಾ ಲಾಲ್, ನಚಿಕೇತ್ ಕೇಳ್ಕರ್, ಎಂ. ಡಿ. ಮಧುಸೂದನ್ ಮೊದಲಾದವರ ತಂಡ ಮಾಡಿದ್ದು ಇದಕ್ಕೆ ತಿರುಗುಮುರುಗು. ಮೀನುಗಾರರ ಮಾತನ್ನೇ ಪರೀಕ್ಷಿಸಬೇಕಾದ ಪ್ರಮೇಯಗಳೆಂದು ತೆಗೆದುಕೊಂಡು, ಒಂದೊಂದನ್ನೂ ನೀರಿಗಿಳಿದು ಅಳೆದರು.

ವಿಧಾನ ಸರಳ, ಆದರೆ ಮೈಮುರಿಯುವ ಕೆಲಸ. ಲಗೂನಿನ ಗೊತ್ತುಪಡಿಸಿದ ಗೆರೆಗಳುದ್ದಕ್ಕೂ ದೋಣಿಯಲ್ಲಿ ಸಾಗಿ ಆಮೆಗಳನ್ನು ಎಣಿಸುವುದು. ಚೌಕಟ್ಟಿಟ್ಟು ಹುಲ್ಲಿನ ಸಸಿಗಳನ್ನೂ ಎಲೆಯ ಉದ್ದವನ್ನೂ ಅಳೆಯುವುದು. ಆಮೆ ಕಚ್ಚಿದ ಎಲೆಯನ್ನು ಮೀನು ಕಚ್ಚಿದ ಎಲೆಯಿಂದ ಬೇರ್ಪಡಿಸಿ ನೋಡುವುದು. ಕೆಲವೆಡೆ ಹುಲ್ಲಿನ ಮೇಲೆ ಪಂಜರ ಮುಚ್ಚಿ, ಆಮೆಗೆ ಸಿಗದ ಹುಲ್ಲನ್ನು ಸಿಗುವ ಹುಲ್ಲಿನೊಂದಿಗೆ ಹೋಲಿಸುವುದು. 2010ರಲ್ಲಿ ಪ್ರಕಟವಾದ ಮೊದಲ ಪ್ರಬಂಧ ಆಮೆ ದಟ್ಟವಾದಲ್ಲಿ ಹುಲ್ಲುಗಾವಲಿನ ಸ್ವರೂಪವೇ ಬದಲಾಗುತ್ತಿರುವುದನ್ನು ತೋರಿಸಿತು. 2013ರ ಇನ್ನೊಂದು ಅಧ್ಯಯನ ಥಲಾಸಿಯ ಹಿಂದೆ ಸರಿದು, ಮೇತವನ್ನು ಹೆಚ್ಚು ತಾಳಿಕೊಳ್ಳುವ ಸೈಮೋಡೋಸಿಯ ಮುಂದೆ ಬರುತ್ತಿರುವುದನ್ನು ಗುರುತಿಸಿತು. ಊರಿನ ಗೋಮಾಳದಲ್ಲಿ ದನ ಹೆಚ್ಚಾದಾಗ ಒಳ್ಳೆಯ ಹುಲ್ಲು ಹೋಗಿ ಗರಿಕೆಯಂಥದ್ದು ಮಾತ್ರ ಉಳಿಯುವ ಕ್ರಮವೇ ಇದು.

ಅದೇ ವರ್ಷದ ಮತ್ತೊಂದು ಪ್ರಬಂಧ ಮೀನುಗಾರರ ದೂರನ್ನು ನೇರವಾಗಿ ಎದುರಿಸಿತು. ಹೆಚ್ಚು ಮೇದ ಹುಲ್ಲುಗಾವಲಿನಲ್ಲಿ ಮೀನು ಕಡಿಮೆಯಿರುವುದು ನಿಜವೇ ಎಂದು ತಿಳಿಯಿತು. ಆಮೆ ಮೀನನ್ನು ತಿನ್ನುವುದಿಲ್ಲ, ಮೀನಿನ ಮನೆಯನ್ನು ತಿನ್ನುತ್ತದೆ. ಸಂಘರ್ಷವೆಂದರೆ ಆನೆ ಬೆಳೆ ತುಳಿದಂತೆ, ಚಿರತೆ ಕರು ಹೊತ್ತಂತೆ ಕಣ್ಣೆದುರಿನ ನಷ್ಟ ಎಂದುಕೊಂಡಿದ್ದ ವನ್ಯಜೀವಿ ವಿಜ್ಞಾನಕ್ಕೆ, ನಡುವೆ ಎರಡು ಮೂರು ಕೊಂಡಿಗಳಿರುವ ಈ ಬಗೆಯ ಸಂಘರ್ಷ ಹೊಸದು. ಇಲ್ಲಿ ಪರಿಹಾರಧನ ಕೊಡುವುದಾದರೂ ಯಾರಿಗೆ, ಯಾವ ಲೆಕ್ಕದಲ್ಲಿ? ಅಸಮಾಧಾನ ಬೆಳೆದಲ್ಲಿ ಕದ್ದು ಆಮೆ ಕೊಲ್ಲುವುದೂ ಶುರುವಾಗುತ್ತದೆ ಎಂದು ಆ ಪ್ರಬಂಧ ಎಚ್ಚರಿಸಿತು.

ಮುಂದಿನ ಬೆಳವಣಿಗೆ ಇನ್ನೂ ಕುತೂಹಲದ್ದು. ಅಗತ್ತಿಯ ಹುಲ್ಲು ಸವೆದಾಗ ಆಮೆಗಳು ಅಲ್ಲೇ ಹಸಿದು ಕೂರಲಿಲ್ಲ. ಒಂದು ಲಗೂನು ಬರಿದಾದಂತೆ ಇನ್ನೊಂದಕ್ಕೆ ಸಾಗಿದವು. ಅಲ್ಲೂ ಅದೇ ಪುನರಾವರ್ತನೆ. ಮಯೂರೇಶ್ ಗಂಗಲ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ದೀರ್ಘಕಾಲೀನ ಅಧ್ಯಯನದ ಪ್ರಕಾರ, ಹೀಗೆ ಸರದಿಯಂತೆ ಮೇದು ಇಡೀ ದ್ವೀಪಸಮೂಹದಲ್ಲೇ ಹುಲ್ಲುಗಾವಲು ಇದ್ದೂ ಇಲ್ಲದ ಸ್ಥಿತಿಗೆ ಬಂದಿತ್ತು. ಹುಲ್ಲಿನ ಕುರುಹು ಅಲ್ಲಲ್ಲಿ ಉಂಟು, ಆದರೆ ಮೀನಿಗೆ ಆಸರೆ ಕೊಡುವ, ಮರಳು ಹಿಡಿಯುವ, ಇಂಗಾಲ ಕೂಡಿಡುವ ಶಕ್ತಿ ಅದಕ್ಕೆ ಉಳಿದಿಲ್ಲ. ಮೀನುಗಾರರ ಮಾತು ವೈಜ್ಞಾನಿಕ ಪತ್ರಿಕೆಯಲ್ಲಿ ದೃಢವಾಗುವ ಹೊತ್ತಿಗೆ ಹುಲ್ಲು ಬಹುಪಾಲು ಮುಗಿದಿತ್ತು.

ಬೇರೆ ಕಡಲುಗಳ ಅನುಭವ

ಇದು ಲಕ್ಷದ್ವೀಪಕ್ಕೆ ಮಾತ್ರ ಬಂದ ಪಾಡಲ್ಲ. ಎಳೆಯ ಕಡಲಾಮೆಯನ್ನು ಕೊಲ್ಲಬಾರದೆಂದು ಬರ್ಮುಡಾದ ಶಾಸನಸಭೆ 1620ರಷ್ಟು ಹಿಂದೆಯೇ ಕಾನೂನು ಮಾಡಿತ್ತು. ಅದೇ ಬರ್ಮುಡಾದಲ್ಲಿ ಈಗ ಆಮೆಗಳಿಂದ ಹುಲ್ಲನ್ನು ಕಾಯಲು ಸಮುದ್ರದ ತಳದಲ್ಲಿ ಪಂಜರ ಹೊದಿಸುವ ಕೆಲಸ ನಡೆದಿದೆ. ಇಂಡೋನೇಷ್ಯದ ಡೆರವಾನ್ ದ್ವೀಪದ ಸಂರಕ್ಷಿತ ಕಡಲಿನಲ್ಲಿ ಎಲೆ ಸಾಲದಾದಾಗ ಆಮೆಗಳು ಮುಂಗಾಲಿನಿಂದ ಮರಳು ಬಗೆದು ಬೇರುಕಾಂಡವನ್ನೇ ತಿನ್ನತೊಡಗಿದ್ದನ್ನು ಮಾರ್ಯೋಲೀನ್ ಕ್ರಿಸ್ಟಿಯಾನೆನ್ ತಂಡ 2014ರಲ್ಲಿ ವರದಿ ಮಾಡಿತು. ಬೇರುಕಾಂಡ ಹೋದ ಮೇಲೆ ಚಿಗುರುವ ಮಾತೇ ಇಲ್ಲ.

ಹಾಗಾದರೆ ಮನುಷ್ಯ ಕೈಹಾಕುವ ಮೊದಲು ಆಮೆಯೂ ಹುಲ್ಲೂ ಒಟ್ಟಿಗೆ ಹೇಗೆ ಬಾಳಿದವು? ಈ ಪ್ರಶ್ನೆಗೆ ಎರಡು ದಿಕ್ಕಿನಿಂದ ಉತ್ತರ ಹುಡುಕಲಾಗುತ್ತಿದೆ.

ಮೊದಲನೆಯದು ಶಾರ್ಕ್. ಪಶ್ಚಿಮ ಆಸ್ಟ್ರೇಲಿಯದ ಶಾರ್ಕ್ ಬೇಯಲ್ಲಿ ಮೈಕೆಲ್ ಹೈಥಾಸ್ ಮತ್ತು ಸಹೋದ್ಯೋಗಿಗಳು 1990ರ ದಶಕದ ಕೊನೆಯಿಂದ ಹುಲಿ ಶಾರ್ಕ್, ಆಮೆ, ಹುಲ್ಲು ಮೇಯುವ ಕಡಲಸಸ್ತನಿ ಡ್ಯೂಗಾಂಗ್‌ಗಳನ್ನು ಹಿಂಬಾಲಿಸಿದ್ದಾರೆ. ಬೆಳೆದ ಹಸಿರಾಮೆಯ ಚಿಪ್ಪನ್ನು ಕಡಿದು ತಿನ್ನಬಲ್ಲ ಪ್ರಾಣಿಗಳು ಹೆಚ್ಚಿಲ್ಲ, ಹುಲಿ ಶಾರ್ಕ್ ಅವುಗಳಲ್ಲೊಂದು. ಅದು ಎಷ್ಟು ಆಮೆ ಕೊಲ್ಲುತ್ತದೆ ಎನ್ನುವುದಕ್ಕಿಂತ ಅದರ ಭಯ ಆಮೆಯನ್ನು ಎಲ್ಲಿ ಮೇಯಲು ಬಿಡುತ್ತದೆ ಎನ್ನುವುದು ಮುಖ್ಯವೆಂದು ಇಲ್ಲಿ ಕಂಡುಬಂತು. ಮೈಕೈ ತುಂಬಿಕೊಂಡ ಆಮೆಗಳು ಮೇವು ಸಾಧಾರಣವಾದರೂ ಅಪಾಯ ಕಡಿಮೆಯಿರುವಲ್ಲಿ ಉಳಿಯುತ್ತವೆ. ಸೊರಗಿದವು ಮಾತ್ರ ಜೀವದ ಹಂಗು ತೊರೆದು ಒಳ್ಳೆಯ ಮೇವಿರುವಲ್ಲಿಗೆ ಹೋಗುತ್ತವೆ. 2011ರ ಕಡಲ ಬಿಸಿಯಲೆಯಿಂದ ಅಲ್ಲಿಯ ಹುಲ್ಲು ದೊಡ್ಡ ಪ್ರಮಾಣದಲ್ಲಿ ಸತ್ತಾಗ ಇನ್ನೊಂದು ಪ್ರಯೋಗ ನಡೆಯಿತು. ಶಾರ್ಕ್ ಇಲ್ಲದಿದ್ದರೆ ಡ್ಯೂಗಾಂಗ್ ಹೇಗೆ ಮೇಯುತ್ತಿತ್ತೋ ಹಾಗೆ ಮುಳುಗುಗಾರರೇ ಹುಲ್ಲು ಕಿತ್ತು ನೋಡಿದರು. ಆಗ ಹುಲ್ಲುಗಾವಲು ಚೇತರಿಸಿಕೊಳ್ಳುವ ದಾರಿಯೇ ಕೆಟ್ಟಿತು. 1970ರಿಂದ ತೆರೆದ ಸಾಗರದ ಶಾರ್ಕ್ ಮತ್ತು ತೊರಕೆಗಳ ಸಂಖ್ಯೆ ಶೇ. 71ರಷ್ಟು ಕುಸಿದಿದೆ ಎಂಬ 2021ರ ಜಾಗತಿಕ ಅಂದಾಜನ್ನು ಇದರ ಪಕ್ಕದಲ್ಲಿಟ್ಟರೆ ಚಿತ್ರ ತಿಳಿಯಾಗುತ್ತದೆ. ಆಮೆಯನ್ನು ಉಳಿಸಿದೆವು, ಆಮೆಗೆ ಹೆದರಿಕೆ ಹುಟ್ಟಿಸುವುದನ್ನು ಉಳಿಸಲಿಲ್ಲ.

ಎರಡನೆಯ ಉತ್ತರ ಇತಿಹಾಸದ್ದು. ಕೊಲಂಬಸ್ ಬರುವ ಮೊದಲು ಕೆರಿಬಿಯನ್ ಸಮುದ್ರದಲ್ಲಿ ಹಸಿರಾಮೆಗಳು ಕೋಟಿಗಟ್ಟಲೆ ಇದ್ದವೆಂದು ಜೆರೆಮಿ ಜಾಕ್ಸನ್ 1997ರಲ್ಲಿ ಲೆಕ್ಕ ಹಾಕಿದರು. ಆಗ ಮೋಟಾಗಿ ಮೇದ ಹುಲ್ಲೇ ಸಹಜ ಸ್ಥಿತಿಯಾಗಿತ್ತು. ನಾವು ಸೊಂಪಾದ ಹುಲ್ಲುಗಾವಲೆಂದು ಮೆಚ್ಚುವುದು ಆಮೆಗಳನ್ನು ಕೊಂದು ಮುಗಿಸಿದ ಮೇಲಿನ ಭೂಚಿತ್ರ ಎಂಬುದು ಈ ವಾದ. ಇದಕ್ಕೆ ಪೂರಕವಾಗಿ, ಆಮೆಗಳು ಒಂದೇ ತುಂಡನ್ನು ಮತ್ತೆ ಮತ್ತೆ ಮೇಯುತ್ತವೆ, ಹೊಸ ಚಿಗುರಿನಲ್ಲಿ ಪೋಷಕಾಂಶ ಹೆಚ್ಚು ಮತ್ತು ಗಡಸು ನಾರು ಕಡಿಮೆ ಎಂದು ಕ್ಯಾರೆನ್ ಬ್ಯೋರ್ನ್‌ಡಾಲ್ ಬಹಾಮಾಸ್‌ನಲ್ಲಿ ತೋರಿಸಿದ್ದರು. ವಾದ ಗಟ್ಟಿಯಾದದ್ದೇ. ಆದರೆ ಅದನ್ನು ಲಕ್ಷದ್ವೀಪಕ್ಕೆ ಹಾಗೆಯೇ ತಂದು ಹೊಂದಿಸುವುದು ಕಷ್ಟ. ಆ ಕಾಲದ ವಿಶಾಲ ಹುಲ್ಲುಗಾವಲು, ಆ ಕಾಲದ ಶಾರ್ಕ್, ಆ ಕಾಲದ ತಣ್ಣನೆ ನೀರು ಈಗಿಲ್ಲ. ಲಗೂನಿನ ಮೀನನ್ನು ನೆಚ್ಚಿದ ಊರುಗಳು ಈಗ ಇವೆ.

ಹವಳ ಮತ್ತು ಟ್ಯೂನಾ

ಹುಲ್ಲಿನ ಪಕ್ಕದ ಹವಳದಿಬ್ಬದ ಸ್ಥಿತಿಯನ್ನು ಬಿಟ್ಟು ಈ ವಿಷಯ ಪೂರ್ತಿಯಾಗದು. ಎಲ್ ನಿನ್ಯೊ ವರ್ಷಗಳಲ್ಲಿ ನೀರು ಕಾದಾಗ ಹವಳ ತನ್ನೊಳಗಿನ ಸೂಕ್ಷ್ಮ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಬಿಸಿ ಇಳಿಯದಿದ್ದರೆ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗಾಯಿತು. ಅಗತ್ತಿ, ಕದಮತ್, ಕವರತ್ತಿಗಳ 24 ವರ್ಷದ ಅಳತೆಗಳ ಪ್ರಕಾರ ಜೀವಂತ ಹವಳದ ಹೊದಿಕೆ 1998ರಲ್ಲಿ ಶೇ. 37ರಷ್ಟಿದ್ದದ್ದು 2022ಕ್ಕೆ ಸುಮಾರು ಶೇ. 19ಕ್ಕೆ ಇಳಿದಿತ್ತು. ಪ್ರತಿ ಸಲವೂ ಸಾಯುವ ಹವಳದ ಪ್ರಮಾಣ ಕಡಿಮೆಯಾಗುತ್ತ ಬಂದರೂ ಚೇತರಿಕೆ ನಿಧಾನವಾಗುತ್ತ ಹೋಗಿದೆ. ನಡುವೆ ಆರು ವರ್ಷವಾದರೂ ಬಿಸಿಯ ಹೊಡೆತವಿಲ್ಲದೆ ಸಿಕ್ಕರೆ ಮಾತ್ರ ದಿಬ್ಬ ಸುಧಾರಿಸಿಕೊಳ್ಳುತ್ತದೆ. 2024ರಲ್ಲಿ ಮತ್ತೆ ಹವಳ ಬೆಳ್ಳಗಾಯಿತು.

ಇಷ್ಟಾದರೂ ಇಲ್ಲಿಯ ದಿಬ್ಬದ ಮೀನು ಬಹುಕಾಲ ಉಳಿದದ್ದಕ್ಕೆ ಒಂದು ಕಾರಣ ದ್ವೀಪದವರ ಟ್ಯೂನಾ ಕಸುಬು. ಮಿನಿಕಾಯ್‌ನವರ ಹಳೆಯ ವಿದ್ಯೆಯಾದ ಗಾಳಕೋಲಿನ ಬೇಟೆಯನ್ನು 1960ರ ದಶಕದಿಂದ ಸರ್ಕಾರ ಯಂತ್ರದೋಣಿಗಳೊಂದಿಗೆ ಉಳಿದ ದ್ವೀಪಗಳಿಗೂ ಹರಡಿತು. ಲಗೂನಿನಲ್ಲಿ ಹಿಡಿದ ಪುಟ್ಟ ಮೀನುಗಳನ್ನು ದೋಣಿಯಲ್ಲಿ ಜೀವಂತವಾಗಿಟ್ಟುಕೊಂಡು ಹೊರಸಮುದ್ರಕ್ಕೆ ಹೋಗಿ, ಅವನ್ನು ನೀರಿಗೆ ಎರಚಿ, ಮುತ್ತಿಕೊಳ್ಳುವ ಟ್ಯೂನಾವನ್ನು ಕೋಲಿನಿಂದ ಒಂದೊಂದಾಗಿ ಎತ್ತಿ ಹಾಕುತ್ತಾರೆ. ಬಲೆಯಿಲ್ಲ, ಆದ್ದರಿಂದ ಆಮೆಯೋ ಡಾಲ್ಫಿನ್ನೋ ಸಿಕ್ಕಿಬೀಳುವ ಭಯ ಬಹಳ ಕಡಿಮೆ. ಬೇಯಿಸಿ, ಹೊಗೆಯಿಟ್ಟು, ಒಣಗಿಸಿದ ಟ್ಯೂನಾಕ್ಕೆ ಮಾಸ್ ಎನ್ನುತ್ತಾರೆ. ಹೊರಸಮುದ್ರ ಹೊಟ್ಟೆ ಹೊರೆಯುವಾಗ ದಿಬ್ಬದ ಮೇಲಿನ ಒತ್ತಡ ತಾನಾಗಿಯೇ ತಗ್ಗಿತು. ಸಂರಕ್ಷಣೆಯ ಹೆಸರು ಹೇಳದೆ ನಡೆದ ಸಂರಕ್ಷಣೆ ಇದು, ಕಾಗದದ ಮೇಲಿನ ಎಷ್ಟೋ ಯೋಜನೆಗಳಿಗಿಂತ ಹೆಚ್ಚಿನ ಫಲ ಕೊಟ್ಟದ್ದು.

ನಿರ್ವಹಣೆ

2020ರಲ್ಲಿ ಲಕ್ಷದ್ವೀಪ ಆಡಳಿತ ಮೂರು ಸಂರಕ್ಷಣಾ ಮೀಸಲುಗಳನ್ನು ಘೋಷಿಸಿತು. ಅವುಗಳಲ್ಲಿ ಚೆರಿಯಪಾಣಿ ದಿಬ್ಬದ 239 ಚದರ ಕಿಲೋಮೀಟರ್ ವಿಸ್ತಾರದ ಮೀಸಲು ಕಡಲಸೌತೆ ಎಂಬ ಜೀವಿಗಾಗಿ ಜಗತ್ತಿನಲ್ಲೇ ಮೊದಲನೆಯದು. ಇನ್ನೊಂದು ಪಿಟ್ಟಿ ದ್ವೀಪದ ಕಡಲಹಕ್ಕಿಗಳಿಗೆ ಸಂಬಂಧಿಸಿದ್ದು. ಕಡಲಸೌತೆಯಂಥ ಜೀವಿಗಳ ಕಳ್ಳಸಾಗಣೆ ತಡೆಯಲು ಇವು ಉಪಯುಕ್ತ. ಲಗೂನಿನ ಹುಲ್ಲಿನ ಪ್ರಶ್ನೆ ಬೇರೆ ಬಗೆಯದು, ಅದಕ್ಕೆ ಗಡಿ ಎಳೆದರೆ ಸಾಲದು, ಗಡಿಯೊಳಗಿನ ರಕ್ಷಿತ ಪ್ರಾಣಿಯೇ ಅಲ್ಲಿ ಮೇಯುತ್ತದೆ.

ಕೈಯಲ್ಲಿರುವ ದಾರಿಗಳು ಕೆಲವೇ. ಆಮೆಗಳನ್ನು ಹಿಡಿದು ಕಡಿಮೆ ಮಾಡುವುದಕ್ಕೆ ಭಾರತದ ಕಾನೂನಿನಲ್ಲಿ ಅವಕಾಶವಿಲ್ಲ. ಇದ್ದರೂ, ಮೂವತ್ತು ವರ್ಷಕ್ಕೆ ಪ್ರಾಯಕ್ಕೆ ಬರುವ ಪ್ರಾಣಿಯ ವಿಷಯದಲ್ಲಿ ಅದು ದುಡುಕು. ಪಂಜರ ಹೊದಿಸಿದರೆ ಅದರೊಳಗೆ ಹುಲ್ಲು ಉಳಿಯುತ್ತದೆ, ಮುಂದೆ ಹಬ್ಬಲು ಬೇಕಾದ ಬೇರುಕಾಂಡವೂ ಉಳಿಯುತ್ತದೆ, ಆದರೆ ಚದರ ಕಿಲೋಮೀಟರುಗಳ ಲೆಕ್ಕದಲ್ಲಿ ಅದು ಆಗದ ಮಾತು. ಶಾರ್ಕ್‌ಗಳನ್ನು ಉಳಿಸುವುದು ಎಲ್ಲಕ್ಕಿಂತ ಸಮಂಜಸವಾಗಿ ಕಾಣುತ್ತದೆ, ಫಲಕ್ಕೆ ದಶಕಗಳೇ ಬೇಕು. ಆಮೆಗಳು ಮೇವು ಅರಸಿ ತಾವೇ ಬೇರೆಡೆ ಹೋದ ಮೇಲೆ ಹುಲ್ಲು ಮರಳಲು ಬಿಡುವುದು ಕೊನೆಯ ದಾರಿ. ಅದಕ್ಕೂ ಹುಲ್ಲಿನ ಒಂದಿಷ್ಟು ಉಳಿಕೆ ಬೇಕೇ ಬೇಕು. ಯಾವುದನ್ನು ಆರಿಸಿದರೂ ಹುಲ್ಲು, ಮೀನು, ಆಮೆ ಮೂರನ್ನೂ ಒಟ್ಟಿಗೆ ವರ್ಷವರ್ಷ ಅಳೆಯುವ ವ್ಯವಸ್ಥೆ ಇರಬೇಕಾಗುತ್ತದೆ. ಆಮೆಯೊಂದರ ತಲೆಯೆಣಿಕೆಯಿಂದ ಲಗೂನಿನ ಆರೋಗ್ಯ ತಿಳಿಯುವುದಿಲ್ಲ.

ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಅಕ್ಟೋಬರ್ 2025ರಲ್ಲಿ ಹಸಿರಾಮೆಯನ್ನು ಅಪಾಯದಲ್ಲಿರುವ ಪ್ರಭೇದಗಳ ವರ್ಗದಿಂದ ತೆಗೆದು ಕನಿಷ್ಠ ಕಾಳಜಿಯ ವರ್ಗಕ್ಕೆ ಸೇರಿಸಿತು. 1970ರ ದಶಕದಿಂದ ಈಚೆಗೆ ಜಗತ್ತಿನ ಒಟ್ಟು ಸಂಖ್ಯೆ ಸುಮಾರು ಶೇ. 28ರಷ್ಟು ಏರಿದೆ ಎಂಬುದು ಅದರ ಅಂದಾಜು. ಏರಿಕೆ ಎಲ್ಲ ಕಡಲುಗಳಲ್ಲೂ ಒಂದೇ ಸಮನಾಗಿಲ್ಲ. ಹುಲ್ಲಿನ ಕತೆಯೂ ಹಾಗೆಯೇ. ಮಿನಿಕಾಯ್ ದಾಟಿ ದಕ್ಷಿಣಕ್ಕೆ ಹೋದರೆ ಅದೇ ಸಮುದ್ರದಡಿಯ ಬೆಟ್ಟಸಾಲಿನ ಮೇಲೆ ಮಾಲ್ಡೀವ್ಸ್ ಇದೆ. ಅಲ್ಲಿ 2000ದಿಂದ 2021ರ ನಡುವೆ ಕಡಲಹುಲ್ಲಿನ ವಿಸ್ತೀರ್ಣ ಮೂರು ಪಟ್ಟು ಹೆಚ್ಚಿದೆಯೆಂದೂ, ಜನವಸತಿಯ ದ್ವೀಪಗಳ ಸುತ್ತ ಅದು ಸಿಗುವ ಸಾಧ್ಯತೆ ಹೆಚ್ಚೆಂದೂ ಉಪಗ್ರಹ ಚಿತ್ರಗಳನ್ನು ಆಧರಿಸಿದ ಅಧ್ಯಯನ ಹೇಳುತ್ತದೆ. ಪ್ರವಾಸಿಗರಿಗೆ ಬೇಕಾಗಿರುವುದು ಬಿಳಿ ಮರಳು. ಆದ್ದರಿಂದ ಅಲ್ಲಿಯ ರೆಸಾರ್ಟುಗಳು ಆಳುಗಳನ್ನಿಟ್ಟು ಹುಲ್ಲು ಕೀಳಿಸಿವೆ, 2019ರಿಂದ ಆ ರೂಢಿಯನ್ನು ಬಿಡಿಸುವ ಆಂದೋಲನವೂ ನಡೆದಿದೆ.